ಮಂಜೇಶ್ವರದಿಂದಾಚೆಯ ಕಡಲಲ್ಲಿ ಹಡಗುಗಳನ್ನು ನೋಡುವವರು ಯಾರು?

2021ರ ಏಪ್ರಿಲ್ 13ರಂದು, ಬೆಳಗಾಗುವುದಕ್ಕೆ ಇನ್ನೂ ಹೊತ್ತಿತ್ತು. ನವಮಂಗಳೂರು ಬಂದರಿನಿಂದ ಸುಮಾರು 43 ನಾಟಿಕಲ್ ಮೈಲು (80 ಕಿಲೋಮೀಟರಿನಷ್ಟು) ಪಶ್ಚಿಮಕ್ಕೆ, ಬೇಪೂರಿನಿಂದ ಹೊರಟಿದ್ದ 'ರಬಾಹ್' ಎಂಬ ಮೀನುಗಾರಿಕಾ ಬೋಟಿಗೂ ಸಿಂಗಾಪುರ ಧ್ವಜದ 'ಎಪಿಎಲ್ ಲೆ ಹಾವ್ರ್' ಎಂಬ ಕಂಟೈನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಮಂದಿ. ಜೀವಂತವಾಗಿ ಸಿಕ್ಕಿದವರು ಇಬ್ಬರೇ.

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಬೋಟುಗಳೂ ಹೋಗುವ ಕಡಲು ಅದು. ಅಂಥ ಸುದ್ದಿ ಬಂದಾಗಲೆಲ್ಲ ಕಡಪ್ಪುರದಲ್ಲಿ, ಅಂದರೆ ಮೀನುಗಾರರ ಕಡಲ ದಂಡೆಯಲ್ಲಿ, ಕೇಳಿಬರುವ ಪ್ರಶ್ನೆ ಒಂದೇ: ಇಷ್ಟು ರಾಡಾರ್, ಇಷ್ಟು ಇಲಾಖೆ ಇದ್ದೂ ಹಡಗಿಗೆ ಯಾರೂ ಏನೂ ಹೇಳಲಿಲ್ಲವೇ? ಹೇಳುವವರು ಅಲ್ಲಿಲ್ಲ ಎಂಬುದೇ ಅದಕ್ಕೆ ಉತ್ತರ. ನಮ್ಮ ಕಡಲನ್ನು ನೋಡುವವರಿದ್ದಾರೆ. ಹಡಗಿಗೆ 'ಬಲಕ್ಕೆ ತಿರುಗಿಸು' ಎನ್ನುವವರಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬೋಟು ಬಿಡುವುದು ಅಪಾಯ.

ಮೊದಲು ಯಾರ ಕೆಲಸ ಯಾವುದು ಎಂದು ನೋಡೋಣ. ಹಡಗುಗಳ ಸುರಕ್ಷತೆ, ತಪಾಸಣೆ, ಅಪಘಾತದ ತನಿಖೆ ಮುಂಬೈಯ ಹಡಗು ಮಹಾನಿರ್ದೇಶನಾಲಯದ್ದು. 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ದೀಪಸ್ತಂಭಗಳು, ಬೋಯೆ ಎಂಬ ತೇಲುವ ಗುರುತುಗಳು, ದೀಪಸ್ತಂಭಗಳ ಮೇಲಿನ ಎಐಎಸ್ (ಹಡಗು ತನ್ನ ಹೆಸರು, ಜಾಗ, ವೇಗವನ್ನು ರೇಡಿಯೋದಲ್ಲಿ ತಾನಾಗಿ ಹೇಳುವ ವ್ಯವಸ್ಥೆ) ರಿಸೀವರ್‌ಗಳು ದೀಪಸ್ತಂಭ ಮಹಾನಿರ್ದೇಶನಾಲಯದವು; 1927ರ ಲೈಟ್‌ಹೌಸ್ ಕಾಯ್ದೆ ಹೋಗಿ 2021ರ ಹೊಸ ಕಾಯ್ದೆ ಬಂದಿದೆ. ನಕಾಶೆ ಮತ್ತು ಎಚ್ಚರಿಕೆ ಸಂದೇಶ ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿಯಿಂದ. ಹುಡುಕಾಟ, ರಕ್ಷಣೆ ಕೋಸ್ಟ್ ಗಾರ್ಡ್‌ನದು. ಬೋಟಿನ ನೋಂದಣಿ, ಲೈಸೆನ್ಸು ರಾಜ್ಯದ ಮೀನುಗಾರಿಕಾ ಇಲಾಖೆಯದು. ಹಡಗಿನ ಕಡತ ಒಂದು ಕಡೆ, ಬೋಟಿನ ಕಡತ ಇನ್ನೊಂದು ಕಡೆ. ಎರಡೂ ಮುಖಾಮುಖಿಯಾಗುವುದು ಕಡಲಿನಲ್ಲಿ ಮಾತ್ರ.

ಹಡಗು ಸಂಚಾರ ನಿಯಂತ್ರಣ ಕೇಂದ್ರ, ಅಂದರೆ ವಿಟಿಎಸ್, ಇರುವುದು ದೊಡ್ಡ ಬಂದರುಗಳ ಬಾಯಲ್ಲಿ ಮತ್ತು ಕಚ್ಛ್, ಖಂಭಾತ್ ಕೊಲ್ಲಿಗಳಂಥ ಇಕ್ಕಟ್ಟಿನ ನೀರಿನಲ್ಲಿ. ಅಲ್ಲಿ ಆಪರೇಟರ್ ರಾಡಾರ್ ಮುಂದೆ ಕೂತು ಹಡಗಿಗೆ ಮಾಹಿತಿ, ಸಲಹೆ, ಬೇಕಾದರೆ ಸೂಚನೆ ಕೊಡುತ್ತಾನೆ. ತೆರೆದ ಕಡಲಿನಲ್ಲಿ ಅದು ಇಲ್ಲ, ಇರಿಸುವುದೂ ಸುಲಭವಲ್ಲ. ಕಾರಣ ಭೂಮಿ ಉರುಟಾಗಿರುವುದು. ಹಡಗು, ಬೋಟುಗಳು ಮಾತಾಡುವ ವಿಎಚ್ಎಫ್ ರೇಡಿಯೋ ಹೆಚ್ಚುಕಡಿಮೆ ಕಣ್ಣಳತೆಯಷ್ಟೇ ಹೋಗುತ್ತದೆ. ಲೆಕ್ಕ ಹೀಗೆ: ಎರಡೂ ಕಡೆಯ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲ ಕೂಡಿಸಿ, 2.2ರಿಂದ ಗುಣಿಸಬೇಕು. ದಡದ ಗೋಪುರ 64 ಮೀಟರ್, ಬೋಟಿನ ಆಂಟೆನಾ 4 ಮೀಟರ್ ಅಂದರೆ 8 ಕೂಡಿಸು 2, ಒಟ್ಟು 10. ಗುಣಿಸಿದರೆ 22 ನಾಟಿಕಲ್ ಮೈಲು. 43 ಮೈಲಿನಲ್ಲಿರುವ ಬೋಟಿನ ಕೂಗು ದಡಕ್ಕೆ ಕೇಳುವುದಿಲ್ಲ. ಸೆಟ್ಟು ಎಷ್ಟೇ ಒಳ್ಳೆಯದಿದ್ದರೂ ಕೇಳುವುದಿಲ್ಲ.

ಇದೇ ಲೆಕ್ಕವನ್ನು ಬೋಟಿಗೂ ಹಡಗಿಗೂ ಹಾಕಿ. ಹಡಗಿನ ಆಂಟೆನಾ 36 ಮೀಟರ್ ಎತ್ತರದಲ್ಲಿದ್ದರೆ 6 ಕೂಡಿಸು 2, ಅಂದರೆ 17 ಮೈಲಿಗಿಂತ ಹೆಚ್ಚು. ದಡಕ್ಕೆ ಕೇಳದ ಬೋಟಿನ ದನಿ ಡಿಕ್ಕಿ ಹೊಡೆಯಬಹುದಾದ ಹಡಗಿಗೆ ಕೇಳುತ್ತದೆ. ಉಪಕರಣಗಳ ವಿಚಾರದಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಇದೇ.

ಏಕೆಂದರೆ ಈಗ ಬೋಟುಗಳಲ್ಲಿ ಎರಡು ಬೇರೆ ಬೇರೆ ಪೆಟ್ಟಿಗೆಗಳಿವೆ, ಎರಡನ್ನೂ 'ಟ್ರಾನ್ಸ್‌ಪಾಂಡರ್' ಎಂದೇ ಕರೆಯುತ್ತಾರೆ. ಒಂದು, ವಿಎಚ್ಎಫ್‌ನಲ್ಲೇ ಕೆಲಸ ಮಾಡುವ ಎಐಎಸ್, 20 ಮೀಟರಿಗಿಂತ ಉದ್ದದ ಬೋಟುಗಳಿಗೆ ಕಡ್ಡಾಯ ಮಾಡಿದ್ದು ಇದನ್ನು. ಇನ್ನೊಂದು ಇಸ್ರೋ ತಂತ್ರಜ್ಞಾನದ ಉಪಗ್ರಹ ಟ್ರಾನ್ಸ್‌ಪಾಂಡರ್. 2024ರ ಆಗಸ್ಟ್ 30ರಂದು ಪಾಲ್ಘರಿನಲ್ಲಿ ಚಾಲನೆ ಸಿಕ್ಕಿದ ಯೋಜನೆ, ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಗುರಿ, ನಭಮಿತ್ರ ಆ್ಯಪ್ ಮೂಲಕ ಸಂದೇಶ. ಉಪಗ್ರಹದ ಪೆಟ್ಟಿಗೆ ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುತ್ತದೆ, ಆಪತ್ತಿನ ಸಂದೇಶ ಕಳಿಸುತ್ತದೆ, ಹವಾಮಾನದ ಎಚ್ಚರಿಕೆ ತರುತ್ತದೆ. ಆದರೆ ಎದುರು ಬರುವ ಹಡಗಿನ ಪರದೆಯ ಮೇಲೆ ಅದು ಕಾಣುವುದಿಲ್ಲ. ಅಲ್ಲಿ ಕಾಣುವುದು ಎಐಎಸ್ ಮಾತ್ರ. ಹೊಸದು ಬಂತೆಂದು ಹಳೆಯ ಎಐಎಸ್ ಬಿಚ್ಚಿಟ್ಟರೆ ದಡಕ್ಕೆ ಕಾಣುವ ಬೋಟು ಹಡಗಿಗೆ ಕಾಣದಂತಾಗುತ್ತದೆ. ಎರಡೂ ಬೇಕು.

ಬೋಟಿನ ಎಐಎಸ್ ಕ್ಲಾಸ್ ಬಿ. ಸಾಮಾನ್ಯ ಸೆಟ್ಟಿನ ಶಕ್ತಿ 2 ವ್ಯಾಟ್. ಹಡಗಿನ ಕ್ಲಾಸ್ ಎ 12.5 ವ್ಯಾಟ್. ಹಡಗು ಓಡುತ್ತಿರುವಾಗ 2ರಿಂದ 10 ಸೆಕೆಂಡಿಗೊಮ್ಮೆ ತಾನಿರುವ ಜಾಗ ಹೇಳುತ್ತದೆ. ಬೋಟು 2 ನಾಟ್ (ಗಂಟೆಗೆ 2 ನಾಟಿಕಲ್ ಮೈಲು) ವೇಗಕ್ಕಿಂತ ಮೇಲಿದ್ದರೆ 30 ಸೆಕೆಂಡಿಗೊಮ್ಮೆ, ಅದಕ್ಕಿಂತ ಕೆಳಗಿದ್ದರೆ 3 ನಿಮಿಷಕ್ಕೊಮ್ಮೆ. ಬಲೆ ಬಿಟ್ಟು ತೇಲುತ್ತಿರುವ ಗಿಲ್‌ನೆಟ್ ಬೋಟು ಈ ಎರಡನೇ ಲೆಕ್ಕಕ್ಕೆ ಬರುತ್ತದೆ. 20 ನಾಟ್ ವೇಗದ ಹಡಗು 3 ನಿಮಿಷದಲ್ಲಿ ಒಂದು ಪೂರ್ತಿ ನಾಟಿಕಲ್ ಮೈಲು ಬರುತ್ತದೆ. ಒಂದು ಸಂದೇಶ ತಪ್ಪಿದರೆ ಎರಡು ಮೈಲು.

ಸಂದೇಶ ತಪ್ಪುವುದು ಹೆಚ್ಚಾಗಿ ಪೆಟ್ಟಿಗೆಯಿಂದಲ್ಲ, ಆಂಟೆನಾ ಕೇಬಲಿನ ಕನೆಕ್ಟರಿನಿಂದ. ಉಪ್ಪುಗಾಳಿಗೆ ಒಳಗಿನ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ. ಪೆಟ್ಟಿಗೆಯ ದೀಪ ಹಸಿರೇ ಉರಿಯುತ್ತಿರುತ್ತದೆ, ಜಿಪಿಎಸ್ ಸರಿಯೇ ಇರುತ್ತದೆ, ಆದರೆ ಶಕ್ತಿ ಆಂಟೆನಾ ತಲುಪುವುದೇ ಇಲ್ಲ. ಕನೆಕ್ಟರ್ ಬಿಚ್ಚಿ, ಕಿಲುಬು ಕಂಡರೆ ಉಜ್ಜಿ ಪುನಃ ಹಾಕಬೇಡಿ; ಆ ತುಂಡನ್ನು ಕತ್ತರಿಸಿ ಹೊಸ ಕನೆಕ್ಟರ್ ಕೂಡಿಸಿ, ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಾಗೆ ಸುತ್ತಿದರೆ ಪದರಗಳು ಹಂಚಿನಂತೆ ಕೂತು ನೀರು ಜಾರಿಹೋಗುತ್ತದೆ. ಆಮೇಲೆ ಪಕ್ಕದ ಬೋಟಿನ ಪರದೆಯಲ್ಲಿ ನಿಮ್ಮ ಬೋಟು ಕಾಣುತ್ತದೆಯೇ ಎಂದು ಕೇಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. 419ರಿಂದ ಶುರುವಾಗುವ ಒಂಬತ್ತು ಅಂಕೆಯ ಎಂಎಂಎಸ್ಐ, ಅಂದರೆ ಬೋಟಿನ ರೇಡಿಯೋ ಗುರುತಿನ ಸಂಖ್ಯೆ, ನಿಮ್ಮದೇ ಎಂದೂ ಆಗಲೇ ನೋಡಿಕೊಳ್ಳಿ. ಎರಡು ಬೋಟುಗಳಲ್ಲಿ ಒಂದೇ ಸಂಖ್ಯೆ ಇದ್ದರೆ ಹಡಗಿನ ಪರದೆಯಲ್ಲಿ ಒಂದೇ ಗುರುತು ಅತ್ತಿಂದಿತ್ತ ಹಾರುತ್ತದೆ, ಅಧಿಕಾರಿ ಅದನ್ನು ನಂಬುವುದು ಬಿಡುತ್ತಾನೆ. ಮೀನಿನ ಜಾಗ ಬೇರೆಯವರಿಗೆ ಗೊತ್ತಾಗಬಾರದೆಂದು ಎಐಎಸ್ ಆಫ್ ಮಾಡುವ ಅಭ್ಯಾಸವೂ ಇದೆ. ಅದನ್ನು ರಾತ್ರಿ ಹೊತ್ತಾದರೂ ಬಿಡಲೇಬೇಕು.

ಇನ್ನು ದೀಪ. ಟ್ರಾಲ್, ಅಂದರೆ ಎಳೆಬಲೆ, ಎಳೆಯುವ ಬೋಟಿಗೆ ಹಸಿರು ಮೇಲೆ, ಬಿಳಿ ಕೆಳಗೆ. ಬೇರೆ ಬಲೆಯ ಬೋಟಿಗೆ ಕೆಂಪು ಮೇಲೆ, ಬಿಳಿ ಕೆಳಗೆ. ಎರಡೂ ಸುತ್ತಲೂ ಕಾಣುವಂಥವು. ನೀರಿನಲ್ಲಿ ಮುಂದೆ ಹೋಗುತ್ತಿದ್ದರೆ ಇದರ ಜೊತೆಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಟ್ರಾಲ್ ಅಲ್ಲದ ಬಲೆ 150 ಮೀಟರಿಗಿಂತ ಹೆಚ್ಚು ಚಾಚಿದ್ದರೆ, ಬಲೆ ಇರುವ ದಿಕ್ಕಿಗೆ ಇನ್ನೊಂದು ಬಿಳಿ ದೀಪ. ನಮ್ಮ ಅಳತೆಯ ಬೋಟುಗಳ ಈ ಕೆಂಪು-ಬಿಳಿ, ಹಸಿರು-ಬಿಳಿ ದೀಪಗಳು 2 ಮೈಲು ಕಾಣಬೇಕೆಂದು ನಿಯಮ. 20 ನಾಟಿನ ಹಡಗಿಗೆ 2 ಮೈಲು ಅಂದರೆ 6 ನಿಮಿಷ. ಅಷ್ಟರೊಳಗೆ ನೋಡಿ, ಅರ್ಥಮಾಡಿಕೊಂಡು, ಚುಕ್ಕಾಣಿ ತಿರುಗಿಸಿ, ಹಡಗು ನಿಜಕ್ಕೂ ತಿರುಗಬೇಕು. ಎಐಎಸ್ 8 ಮೈಲಿಗೇ ಸಿಕ್ಕಿತು ಅನ್ನಿ, ಅದೇ ಹಡಗಿಗೆ 24 ನಿಮಿಷ ಸಿಗುತ್ತದೆ.

ಈ 6 ನಿಮಿಷವನ್ನೂ ಕಳೆಯುವುದು ಡೆಕ್ಕಿನ ಎಲ್ಇಡಿ. ಬಲೆ ಬಿಚ್ಚಲು ಹಾಕಿದ ಬಿಳಿ ಫ್ಲಡ್‌ಲೈಟು ಮೇಲಿನ ಕೆಂಪನ್ನೋ ಹಸಿರನ್ನೋ ನುಂಗಿಬಿಡುತ್ತದೆ. ದೂರದಿಂದ ಕಾಣುವುದು ಬರೀ ಒಂದು ಬೆಳಕಿನ ಮುದ್ದೆ. ಯಾವ ಕಡೆ ಮುಖ, ಬಲೆ ಇದೆಯೋ ಇಲ್ಲವೋ ಏನೂ ತಿಳಿಯದು. ಫ್ಲಡ್‌ಲೈಟಿಗೆ ತಗಡಿನ ಮರೆ ಕಟ್ಟಿ ಬೆಳಕು ಡೆಕ್ಕಿನ ಮೇಲಷ್ಟೇ ಬೀಳುವಂತೆ ಮಾಡಿದರೆ ಸಾಕು. ಅಂದಕ್ಕೆಂದು ಸುತ್ತುವ ಬಣ್ಣದ ಸರಣಿ ದೀಪಗಳನ್ನಂತೂ ತೆಗೆಯಲೇಬೇಕು.

ಹಡಗಿನ ಬ್ರಿಡ್ಜಿನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ಏನು ಕಾಣುತ್ತದೆ ಎಂಬುದನ್ನೂ ತಿಳಿದಿರಬೇಕು. ಡೆಕ್ಕಿನ ಮೇಲೆ ಕಂಟೈನರ್ ಪೇರಿಸಿದ ಹಡಗಿಗೆ ಮೂತಿಯ ಎದುರಿನ ನೀರು ಕಾಣುವುದಿಲ್ಲ. ಹಡಗಿನ ಎರಡು ಪಟ್ಟು ಉದ್ದ ಅಥವಾ 500 ಮೀಟರ್, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಮರೆಯನ್ನು ಅಂತಾರಾಷ್ಟ್ರೀಯ ನಿಯಮವೇ ಒಪ್ಪಿದೆ. ಆ ಅರ್ಧ ಕಿಲೋಮೀಟರಿನೊಳಗೆ ಹೋದ ಬೋಟು ಬ್ರಿಡ್ಜಿನ ಕಣ್ಣಿಗೆ ಇಲ್ಲದಂತೆಯೇ. ಮರದ ಮತ್ತು ಫೈಬರಿನ ಬೋಟು ರಾಡಾರಿನಲ್ಲೂ ಮಂಕು. ಮಳೆ, ತೆರೆ ಜೋರಿದ್ದರೆ ಅಲೆಗಳ ಚುಕ್ಕೆಗಳ ನಡುವೆ ಮರೆಯಾಗುತ್ತದೆ. ಆದಷ್ಟು ಎತ್ತರದಲ್ಲಿ ಅಲ್ಯೂಮಿನಿಯಂ ರಾಡಾರ್ ರಿಫ್ಲೆಕ್ಟರ್ ಕಟ್ಟುವುದು ಕಡಿಮೆ ಖರ್ಚಿನ ಒಳ್ಳೆಯ ಕೆಲಸ.

ದಾರಿ ಬಿಡುವ ನಿಯಮದಲ್ಲಿ ತುಂಬ ಮಂದಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಮೀನು ಹಿಡಿಯುತ್ತಿರುವ ಬೋಟಿಗೆ ಹಡಗು ದಾರಿ ಬಿಡಬೇಕು, ನಿಜ. ಆದರೆ ಬಲೆ ಎತ್ತಿ ಮಂಜೇಶ್ವರಕ್ಕೆ ಮರಳುತ್ತಿರುವ ಬೋಟು ಆಗ 'ಮೀನುಗಾರಿಕೆಯಲ್ಲಿ ತೊಡಗಿದ' ಬೋಟಲ್ಲ, ಬರೀ ಇಂಜಿನ್ ಬೋಟು. ಎರಡರ ದಾರಿ ಅಡ್ಡಹಾಯುವಾಗ ಹಡಗು ಬಲಗಡೆಯಿಂದ ಬರುತ್ತಿದ್ದರೆ ದಾರಿ ಬಿಡಬೇಕಾದದ್ದು ಬೋಟು. ಮರಳುವಾಗ ಕೆಂಪು-ಬಿಳಿ ದೀಪ ಆರಿಸಬೇಕಾದದ್ದೂ ಇದಕ್ಕೇ.

ಡಿಕ್ಕಿಯ ಅಪಾಯ ಇದೆಯೋ ಇಲ್ಲವೋ ನೋಡಲು ಉಪಕರಣವೇ ಬೇಕೆಂದಿಲ್ಲ. ಬೋಟು ನೇರ ಹೋಗುತ್ತಿರುವಾಗ ಒಂದೇ ಜಾಗದಲ್ಲಿ ನಿಂತು ಹಡಗನ್ನು ವೀಲ್‌ಹೌಸ್ (ಚುಕ್ಕಾಣಿ ಕೋಣೆ) ಕಿಟಕಿಯ ಕಂಬಕ್ಕೆ ಹೊಂದಿಸಿ ನೋಡಿ. ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಹಡಗು ಅದೇ ಕಂಬದ ಹತ್ತಿರವೇ ಇದ್ದು ದೊಡ್ಡದಾಗುತ್ತಿದ್ದರೆ ನೇರ ನಿಮ್ಮ ಮೇಲೆಯೇ ಬರುತ್ತಿದೆ ಎಂದರ್ಥ. ಕಂಬದಿಂದ ಸ್ಪಷ್ಟವಾಗಿ ಸರಿಯುತ್ತಿದ್ದರೆ ಮುಂದಿನಿಂದಲೋ ಹಿಂದಿನಿಂದಲೋ ಹಾದುಹೋಗುತ್ತದೆ. ತೀರಾ ಹತ್ತಿರ ಬಂದ ದೊಡ್ಡ ಹಡಗಿಗೆ ಮಾತ್ರ ಈ ಪರೀಕ್ಷೆ ನಂಬಬೇಡಿ. ಅದರ ಒಂದು ತುದಿ ಸರಿದರೂ ಇನ್ನೊಂದು ತುದಿ ತಾಗಬಹುದು.

ಸಂಶಯ ಬಂದರೆ ವಿಎಚ್ಎಫ್ ಚಾನೆಲ್ 16. ಬೋಟುಗಳು ತಮ್ಮತಮ್ಮೊಳಗೆ ಮಾತಾಡುವ ಚಾನೆಲನ್ನು ಹಡಗು ಕೇಳುತ್ತಿರುವುದಿಲ್ಲ. ಎಐಎಸ್ ಪರದೆಯಲ್ಲಿ ಹೆಸರು ಕಂಡರೆ ಹೆಸರು ಹಿಡಿದೇ ಕರೆಯಿರಿ. ಇಲ್ಲದಿದ್ದರೆ ಹಡಗು ಇರುವ ಜಾಗ, ಅದು ಹೋಗುವ ದಿಕ್ಕು, ಆಮೇಲೆ 'ಫಿಶಿಂಗ್ ಬೋಟ್ ಅಹೆಡ್, ನೆಟ್ಸ್ ಇನ್ ವಾಟರ್' ಅಂದರೆ ಸಾಕು. ಬರೀ 'ಬಿಗ್ ಶಿಪ್, ಬಿಗ್ ಶಿಪ್' ಎಂದರೆ ಸುತ್ತಲಿನ ನಾಲ್ಕು ಹಡಗುಗಳಲ್ಲಿ ಯಾವುದೂ ತನಗೆಂದುಕೊಳ್ಳುವುದಿಲ್ಲ. ಉತ್ತರ ಬಾರದಿದ್ದರೆ ಹಾರ್ನಿನಿಂದ ಐದು ಚಿಕ್ಕ ಸದ್ದು, ಜೊತೆಗೆ ಟಾರ್ಚಿನಿಂದ ಐದು ಮಿನುಗು.

ಆಗಸ್ಟಿನ ಮೊದಲ ವಾರ ಇದೆಲ್ಲ ಒಟ್ಟಿಗೆ ಪರೀಕ್ಷೆಗೆ ಬರುವ ಕಾಲ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ 52 ದಿನ, ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಎರಡೂ ಮುಗಿಯುವುದು ಜುಲೈ 31ಕ್ಕೆ. ತಿಂಗಳುಗಟ್ಟಲೆ ಮಳೆಯಲ್ಲಿ ನಿಂತ ಬೋಟುಗಳ ಕನೆಕ್ಟರು, ಬ್ಯಾಟರಿ, ದೀಪದ ಹೋಲ್ಡರು ಎಲ್ಲ ಕೆಟ್ಟಿರುವ ಹೊತ್ತಿಗೇ, ಮಳೆಗಾಲದ ತೆರೆಯಲ್ಲಿ, ಎಲ್ಲರೂ ಒಮ್ಮೆಗೇ ಹೊರಡುತ್ತಾರೆ. ಮೇಲೆ ಹೇಳಿದ ಪರೀಕ್ಷೆಗಳನ್ನು ಜುಲೈ ಕೊನೆಯಲ್ಲಿ ದಕ್ಕೆಯಲ್ಲೇ ಮುಗಿಸಬೇಕು.

ನೈಋತ್ಯ ಸಮುದ್ರದಲ್ಲಿ ಹಡಗಿನ ದಾರಿಯನ್ನೂ ಮೀನುಗಾರಿಕೆಯ ದಾರಿಯನ್ನೂ ಬೇರ್ಪಡಿಸಿದ ಸರಕಾರಿ ಸೂಚನೆ ಜಾರಿಗೆ ಬಂದದ್ದು ಸಹ ಒಂದು ಆಗಸ್ಟ್ 1ರಂದೇ, 2020ರಲ್ಲಿ. ಒಳ್ಳೆಯ ಕೆಲಸ. ಆದರೆ ಅಂಥ ಸೂಚನೆ ಹೊರಡುವುದು ಇಂಗ್ಲಿಷಿನ ಅಕ್ಷಾಂಶ ರೇಖಾಂಶಗಳ ಪಟ್ಟಿಯಾಗಿ. ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ, ಜಿಪಿಎಸ್‌ಗೆ ನೇರ ಹಾಕಿಕೊಳ್ಳುವ ಫೈಲಾಗಿ, ದಕ್ಕೆಯಲ್ಲೇ ಕೊಡಬೇಕಾದದ್ದು ಸರಕಾರದ ಕರ್ತವ್ಯ. ಗೆರೆ ಎಲ್ಲಿದೆ ಎಂದು ಬೋಟು ನಡೆಸುವ ತಾಂಡೇಲನಿಗೆ ತಿಳಿಯದಿದ್ದರೆ ಆ ಗೆರೆಯಿಂದ ಅವನಿಗೆ ರಕ್ಷಣೆಯಿಲ್ಲ.

ಮುಳುಗಿದ ಹಡಗಿನ ಮಾತೂ ಇಷ್ಟೇ. 2022ರ ಜೂನಿನಲ್ಲಿ ಉಕ್ಕಿನ ಸುರುಳಿ ಹೊತ್ತ 'ಪ್ರಿನ್ಸೆಸ್ ಮಿರಾಲ್' ಉಳ್ಳಾಲದ ಬಟ್ಟಪ್ಪಾಡಿ ಬಳಿ, ನಮ್ಮ ಗಡಿಗೆ ಅಷ್ಟು ಹತ್ತಿರ, ಮುಳುಗಿತು; 15 ಮಂದಿ ಸಿರಿಯಾದ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಉಳಿಸಿತು. ಹೊಸದಾಗಿ ಮುಳುಗಿದ ಹಡಗಿನ ಗುರುತಿಗೆಂದೇ ಒಂದು ಬೋಯೆ ಇದೆ: ನೀಲಿ-ಹಳದಿ ಉದ್ದ ಪಟ್ಟೆ, ರಾತ್ರಿ ನೀಲಿ, ಹಳದಿ ಒಂದಾದ ಮೇಲೊಂದು ಮಿನುಗುವ ದೀಪ. ಅದು ಕಂಡಲ್ಲಿ ಬಲೆ ಬಿಡಬೇಡಿ, ಹತ್ತಿರ ಸುಳಿಯಲೂ ಬೇಡಿ.

ಡಿಕ್ಕಿಯಾಗಿಯೇಬಿಟ್ಟರೆ, ಜೀವ ಉಳಿಸಿಕೊಂಡ ಮೇಲೆ ಮೊದಲು ಬೇಕಾದದ್ದು ಸಮಯ ಮತ್ತು ಜಾಗ. 12 ನಾಟಿಕಲ್ ಮೈಲಿನ ಆಚೆ ನಡೆದ ಡಿಕ್ಕಿಗೆ ಹಡಗಿನ ಕ್ಯಾಪ್ಟನ್ ಮೇಲೆ ಕ್ರಿಮಿನಲ್ ಕ್ರಮ ಕೈಗೊಳ್ಳುವ ಅಧಿಕಾರ, ಅಂತಾರಾಷ್ಟ್ರೀಯ ಕಡಲ ಕಾನೂನಿನ 97ನೇ ವಿಧಿಯಂತೆ, ಹಡಗಿನ ಧ್ವಜದ ದೇಶಕ್ಕೆ ಅಥವಾ ಆ ವ್ಯಕ್ತಿಯ ದೇಶಕ್ಕೆ ಮಾತ್ರ. ಹಾಗಾಗಿ ಕೇಸು ನಿಲ್ಲುವುದು ದಾಖಲೆಯ ಮೇಲೆ. ಹಡಗಿನಲ್ಲಿ ವಿಡಿಆರ್ ಎಂಬ ಪೆಟ್ಟಿಗೆ ಬ್ರಿಡ್ಜಿನ ಮಾತು, ರಾಡಾರ್ ಚಿತ್ರ, ವೇಗ, ದಿಕ್ಕು ಎಲ್ಲವನ್ನೂ ಬರೆದಿಡುತ್ತದೆ. ಹಳೆಯ ಮಾದರಿಗಳಲ್ಲಿ 12 ಗಂಟೆ ಕಳೆದರೆ ಹಳೆಯದರ ಮೇಲೆ ಹೊಸದು ಬರೆದುಹೋಗುತ್ತದೆ. ಹೊಸವುಗಳಲ್ಲಿ ಕಾಪಿಟ್ಟ ಕ್ಯಾಪ್ಸೂಲಿನಲ್ಲಿ 48 ಗಂಟೆ, ಒಳಗಿನ ಮೆಮೊರಿಯಲ್ಲಿ 30 ದಿನ. ಹಡಗು ಯಾವ ಮಾದರಿಯದು ಎಂದು ಬೋಟಿನವರಿಗೆ ತಿಳಿಯದು, ಆದ್ದರಿಂದ 12 ಗಂಟೆಯೊಳಗೇ ದೂರು ತಲುಪಬೇಕು. ಜಿಪಿಎಸ್‌ನ ಮ್ಯಾನ್ ಓವರ್‌ಬೋರ್ಡ್ ಗುಂಡಿ ಒತ್ತಿದರೆ ಜಾಗ, ಸಮಯ ಎರಡೂ ಅಲ್ಲೇ ಉಳಿಯುತ್ತವೆ. ಹಡಗಿನ ಬಣ್ಣ, ಮುಂಭಾಗದಲ್ಲೂ ಹಿಂಭಾಗದಲ್ಲೂ ಬರೆದ ಹೆಸರಿನ ಎಷ್ಟು ಅಕ್ಷರ ಕಂಡಿತೋ ಅಷ್ಟು, ಯಾವ ಕಡೆ ಹೋಯಿತು, ಇಷ್ಟನ್ನು ಬರೆದಿಟ್ಟು ಉಪಗ್ರಹ ಟ್ರಾನ್ಸ್‌ಪಾಂಡರಿನಿಂದ ಆಪತ್ತಿನ ಸಂದೇಶ ಕಳಿಸಿ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ದೂರಿನಲ್ಲಿ 'ಹಡಗಿನ ವಿಡಿಆರ್ ದಾಖಲೆ ಉಳಿಸಿಡಲು ಕೂಡಲೇ ಆದೇಶಿಸಬೇಕು' ಎಂಬ ಒಂದು ಸಾಲು ಬರೆಯಿಸಿ, ಸಮಯ ಹಾಕಿಸಿದ ರಶೀದಿ ತೆಗೆದುಕೊಳ್ಳಿ.