ಹೆಬ್ಬೆಟ್ಟು ಮೂಡ್ಲಿಲ್ಲ

ಮೊನ್ನೆ ನಮ್ ಸೊಸೈಟಿ ವಾಟ್ಸ್ಆ್ಯಪ್ ಗ್ರೂಪ್‌ನ್ಯಾಗ ಒಬ್ರು ಹಾಕಿದ್ರು, ಪುಕ್ಕಟೆ ರೇಷನ್ ಕೊಟ್ಟು ಜನರನ್ನ ಸೋಮಾರಿ ಮಾಡ್ಯಾರ, ಅದ್ರಾಗೂ ಹೊರಗಿಂದ ಬಂದೋರಿಗೆ ಯಾಕ ಅಂತ. ನಾನೂ ವಿಜಯಪುರದಿಂದ ಪುಣೆಗೆ ಬಂದಾಂವನ, ಐಟಿ ಅಂತ ನನ್ನ ಯಾರೂ ಕೇಳಂಗಿಲ್ಲ ಅಷ್ಟ.

ವಾಘೋಲಿ ಕಡೆ ಬಿಲ್ಡಿಂಗ್ ಸೈಟ್‌ನ್ಯಾಗ ಯಾದಗಿರಿ ಕಡೆ ಅಕ್ಕ ಒಬ್ಬಾಕಿ ಅದಾಳ, ಮರಾಠಿ ಬರಂಗಿಲ್ಲ ಬಾ ಅಂದ್ಲಂತ ಆಕಿ ಜೋಡಿ ರೇಷನ್ ಅಂಗಡಿಗೆ ಹೋಗಿದ್ದೆ. ಮೂರು ಸಲ ಹೆಬ್ಬೆಟ್ಟು ಇಟ್ರೂ ಮಷೀನ್ ತಗೋಳ್ಲಿಲ್ಲ, ಸಿಮೆಂಟ್ ಕಲಸಿ ಕಲಸಿ ಗೆರಿನ ಸವದಾವ. ಸೆರಗಿಗೆ ತಿಕ್ಕಿ ತಿಕ್ಕಿ ಕಡೀಕ ಬ್ಯಾರೆ ಬೆರಳು ಇಟ್ಟಾಗ ಚೀಟಿ ಬಂತು.

ಇದೇನು ಯಾರೋ ಹಾಕಿದ ಭಿಕ್ಷಾ ಅಲ್ರಿ, 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಬಿಪಿಎಲ್‌ನ್ಯಾಗ ತಲೆಗೆ ತಿಂಗಳಿಗೆ 5 ಕೆಜಿ ಹಕ್ಕು, ‘ಒಂದು ದೇಶ ಒಂದು ರೇಷನ್ ಕಾರ್ಡ್’ ಇರೋದಕ್ಕ ಕರ್ನಾಟಕದ ಕಾರ್ಡ್ ಪುಣೆದಾಗೂ ನಡೀತದ, 2021ರಾಗ ಸುಪ್ರೀಂ ಕೋರ್ಟ್ ಎಲ್ಲಾ ರಾಜ್ಯಕ್ಕೂ ಜುಲೈ 31ರೊಳಗ ಜಾರಿ ಮಾಡ್ರಿ ಅಂದಿತ್ತು. ಊರಾಗ ರಾಜ್ಯ ಸರ್ಕಾರ ಕೊಡೋ ಹೆಚ್ಚಿಂದು ಮಾತ್ರ ಇಲ್ಲಿ ಸಿಗಂಗಿಲ್ಲ. ಎಷ್ಟು ಮಂದಿಗೆ ಕೊಡಬೇಕು ಅನ್ನೋ ಲೆಕ್ಕ 2011ರ ಜನಗಣತಿದು, ಆಮ್ಯಾಲೆ ಹುಟ್ಟಿದ ಎಷ್ಟೋ ಹುಡುಗ್ರ ಹೆಸರು ಕಾರ್ಡ್‌ನ್ಯಾಗ ಇಲ್ಲ, ಆಕಿ ಸಣ್ಣ ಮಗಂದೂ ಇಲ್ಲ.

ಸೋಮಾರಿ ಅಂತ! ಚೀಲ ತಲಿ ಮ್ಯಾಲೆ ಹೊತ್ಕೊಂಡು ಸೀದಾ ಸೈಟ್‌ಗೆ ಹೋದ್ಲು, ಅರ್ಧ ದಿನದ ಪಗಾರ ಕಟ್.