ಹಳೆ ಕೇಪಿನ ಕೋವಿ ಕೊಳ್ಳುವವರು ನೋಡಬೇಕಾದ ಹಿಂಬದಿಯ ಮೂರು ಇಂಚು

ಸುಳ್ಯ, ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಒಂಟಿ ನಳಿಗೆಯ ಕೇಪಿನ ಕೋವಿಗಳು ಈಗಲೂ ಇವೆ. ನಳಿಗೆಯ ಬಾಯಿಯಿಂದ ಮಸಿ (ಕಪ್ಪು ಕೋವಿಮದ್ದು) ತುಂಬಿ, ಗಜ ಎಂಬ ಉದ್ದ ಕೋಲಿನಿಂದ ಜಡಿದು, ಹಿಂಬದಿಯ ತೂತಿರುವ ಸಣ್ಣ ಮೊಳೆಯಂಥ ನಿಪ್ಪಲ್ ಮೇಲೆ ಕಿಡಿ ಕೊಡುವ ಕೇಪು ಕೂರಿಸಿ ಹೊಡೆಯುವ ಜಾತಿಯವು. ಹಿರಿಯರು ತೀರಿಕೊಂಡಾಗ, ಮಕ್ಕಳು ಊರು ಬಿಟ್ಟಾಗ ಇವು ಕೈ ಬದಲಿಸುತ್ತವೆ. ಕೊಳ್ಳಲು ಬಂದವರ ಕಣ್ಣು ಮೊದಲು ಹೋಗುವುದು ಹಿಡಿಯ ಪಾಲಿಶು, ನಳಿಗೆಯ ಕಪ್ಪು ಹೊಳಪು, ಹಿತ್ತಾಳೆ ಪಟ್ಟಿ ಇವುಗಳ ಮೇಲೆ. ಕೋವಿಯ ಯೋಗ್ಯತೆ ಇರುವುದು ನಳಿಗೆಯ ಹಿಂಬದಿಯ ಕೊನೆಯ ಮೂರು ಇಂಚಿನಲ್ಲಿ. ಮಸಿ ಉರಿಯುವುದು ಅಲ್ಲಿ, ಒತ್ತಡ ಹೆಚ್ಚು ಬೀಳುವುದು ಅಲ್ಲಿ, ತುಕ್ಕು ಕೂರುವುದೂ ಅಲ್ಲೇ.

ಕೋವಿ ಮುಟ್ಟುವ ಮೊದಲು ಕಾಗದ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ. ಪರವಾನಗಿ ಕೊಡುವವರು ಮಂಗಳೂರು ಕಮಿಷನರೇಟಿನ ಒಳಗೆ ಪೊಲೀಸ್ ಕಮಿಷನರ್, ಹೊರಗೆ ಜಿಲ್ಲಾಧಿಕಾರಿ. ನಿಮ್ಮ ಕೈಯಲ್ಲಿ ಪರವಾನಗಿ ಇಲ್ಲದೆ ಮುಂಗಡ ಕೊಡುವುದೂ ಬೇಡ. 8ನೇ ಸೆಕ್ಷನ್ ಪ್ರಕಾರ ತಯಾರಕರ ಹೆಸರು, ನಂಬರು ಅಥವಾ ಬೇರೆ ಗುರುತಿನ ಮುದ್ರೆ ಇಲ್ಲದ ಕೋವಿಯನ್ನು ಮಾರುವಂತಿಲ್ಲ, ಮುದ್ರೆಯನ್ನು ಅಳಿಸುವಂತೆಯೂ ಇಲ್ಲ. ಹೊಸದಾಗಿ ಉಜ್ಜಿ ಕಪ್ಪು ಮಾಡಿಸಿದ ನಳಿಗೆಯಲ್ಲಿ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಅಂಕಿಗಳು ಅರ್ಧ ಮಾಯವಾಗಿರುತ್ತವೆ. ಪರವಾನಗಿ ಪುಸ್ತಕದ ನಂಬರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಹೊಳಪಿಗಾಗಿ ಖರ್ಚು ಮಾಡಿ ನಂಬರು ತೇಯಿಸಿಕೊಂಡ ಕೋವಿಗೆ ಬೆಲೆ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ ಎಂಬುದೂ ನೆನಪಿರಲಿ; ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

“ಖಾಲಿ ಇದೆ” ಎಂದು ಮನೆಯವರು ಹೇಳಿದರೂ ನಂಬಬಾರದು. ಒಣಗಿದ ಜಾಗದಲ್ಲಿರುವ ಮಸಿ ವರ್ಷಗಟ್ಟಲೆ ಕೆಡುವುದಿಲ್ಲ. ಅಜ್ಜ ತುಂಬಿಸಿಟ್ಟ ಈಡು (ಮಸಿ ಮತ್ತು ಗುಂಡು) ಮೊಮ್ಮಗನ ಕಾಲದಲ್ಲೂ ಹಾರಬಹುದು. ನಿಪ್ಪಲ್ ಮೇಲೆ ಕೇಪು ಇಲ್ಲವೆಂದು ನೋಡಿ, ನಳಿಗೆಯ ಬಾಯಿಯನ್ನು ಮುಖದಿಂದ ದೂರ ಇಟ್ಟು, ಗಜವನ್ನು ತಡೆಯುವವರೆಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗುರುತು ಹಾಕಿ ಹೊರಗೆ ತೆಗೆದು, ಅದೇ ಗುರುತನ್ನು ಬಾಯಿಗೆ ಹೊಂದಿಸಿ ನಳಿಗೆಯ ಹೊರಮೈ ಉದ್ದಕ್ಕೂ ಇಡಿ. ಗಜದ ತುದಿ ನಿಪ್ಪಲಿನ ಹತ್ತಿರ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಈಡಿದೆ, ಇಲ್ಲವೇ ಕಣಜ ಮಣ್ಣಿನ ಗೂಡು ಕಟ್ಟಿದೆ. ಎರಡರಲ್ಲಿ ಯಾವುದಾದರೂ ಅಲ್ಲಿಗೇ ನಿಲ್ಲಿಸಿ. ಅದನ್ನು ತೆಗೆಯುವುದು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸ.

ಖಾಲಿ ಎಂದು ಖಾತ್ರಿಯಾದ ಮೇಲೆ ನಳಿಗೆಯ ಒಳಗನ್ನು ನೋಡಬೇಕು. ಹಿಂಬದಿ ಮುಚ್ಚಿರುವುದರಿಂದ ಬೆಳಕು ಬಾಯಿಯಿಂದಲೇ ಹೋಗಬೇಕು. ತಂತಿಯ ತುದಿಗೆ ಕಟ್ಟಿದ ಸಣ್ಣ ಎಲ್‌ಇಡಿ ಸಾಕು. ಆಮೇಲೆ ಬಿಳಿ ಬಟ್ಟೆಯ ತುಂಡನ್ನು ಗಜಕ್ಕೆ ಬಿಗಿಯಾಗಿ ಸುತ್ತಿ ತಳದವರೆಗೆ ಇಳಿಸಿ ತಿರುಗಿಸಿ. ಕಪ್ಪು ಬಂದರೆ ಹಳೆಯ ಮಸಿಯ ಕೊಳೆ, ತೊಳೆದರೆ ಹೋಗುತ್ತದೆ. ಕೆಂಪು ಕಂದು ಪುಡಿ ಬಂದರೆ ತುಕ್ಕು ಈಗಲೂ ತಿನ್ನುತ್ತಿದೆ. ತಳದ ಹತ್ತಿರ ಬಟ್ಟೆ ಸಿಕ್ಕಿ ನೂಲು ಕಿತ್ತು ಬಂದರೆ ಅಲ್ಲಿ ಗುಂಡಿಗಳು ಬಿದ್ದಿವೆ. ಬಾಯಿಯ ಹತ್ತಿರದ ಸಣ್ಣ ಗುಂಡಿಗಳನ್ನು ಸಹಿಸಬಹುದು, ತಳದಲ್ಲಿ ಆಳವಾದವನ್ನು ಸಹಿಸಬಾರದು.

ತಳದಲ್ಲೇ ಯಾಕೆ? ಕಪ್ಪು ಮಸಿ ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗ್ಯಾಸ್ ಆಗದೆ ಪೊಟಾಸಿಯಂ ಲವಣಗಳ ಗಟ್ಟಿ ಶೇಷವಾಗುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಜೂನ್‌ನಿಂದ ಸೆಪ್ಟೆಂಬರಿನ ಹವೆಯಲ್ಲಿ ತೊಳೆಯದೆ ಇಟ್ಟ ನಳಿಗೆ ಒಂದೆರಡು ದಿನದಲ್ಲೇ ಕೆಂಪಾಗಲು ಶುರು. ಎಣ್ಣೆ ಈ ಲವಣಗಳನ್ನು ಕರಗಿಸುವುದಿಲ್ಲ, ನೀರು ಮಾತ್ರ ಕರಗಿಸುತ್ತದೆ. ತೊಳೆಯದೆ ಎಣ್ಣೆ ಸುರಿದವರ ಕೋವಿಯಲ್ಲಿ ಟಾರಿನಂಥ ಅಂಟು, ಅದರಡಿಯಲ್ಲಿ ತುಕ್ಕು. ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ, ನಳಿಗೆ ಬೆಚ್ಚಗಿರುವಾಗಲೇ ಎಣ್ಣೆ ಹಾಕಿದ ಮನೆಯ ಕೋವಿ ಎಷ್ಟು ಹಳೆಯದಾದರೂ ತಳ ಬಿಳಿಯಾಗಿರುತ್ತದೆ. ಮಾರುವವರನ್ನು “ಹೊಡೆದ ಮೇಲೆ ಹೇಗೆ ತೊಳೀತೀರಿ?” ಎಂದು ಕೇಳಿ ನೋಡಿ, ಅರ್ಧ ತಪಾಸಣೆ ಆ ಉತ್ತರದಲ್ಲೇ ಮುಗಿಯುತ್ತದೆ.

ನಳಿಗೆಯ ಒಳಗೆ ಉಂಗುರದಂಥ ನೆರಳು ಕಂಡರೆ, ಹೊರಗೆ ಬೆರಳಾಡಿಸಿದಾಗ ಅದೇ ಜಾಗದಲ್ಲಿ ಸಣ್ಣ ಉಬ್ಬು ಸಿಕ್ಕರೆ, ಕೋವಿ ವಾಪಸ್ ಕೊಡಿ. ಈಡು ತಳದವರೆಗೆ ಕೂರದೆ ನಡುವೆ ಗಾಳಿ ಉಳಿದಾಗ, ಇಲ್ಲವೇ ಬಾಯಿಯಲ್ಲಿ ಮಣ್ಣು ಇದ್ದಾಗ ಹೊಡೆದರೆ ಹೀಗಾಗುತ್ತದೆ. ಉಬ್ಬಿದ ಜಾಗದ ಕಬ್ಬಿಣ ಆಗಲೇ ತೆಳುವಾಗಿದೆ. ಬಾಯಿಯ ಸುತ್ತ ಗೋಡೆಯ ದಪ್ಪ ಒಂದೇ ಸಮ ಇದೆಯೇ ಎಂದು ವರ್ನಿಯರ್ ಹಿಡಿದು ನಾಲ್ಕು ಕಡೆ ಅಳೆಯಿರಿ.

ಬ್ರೀಚ್ ಪ್ಲಗ್ ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ತಿರುಪಿನ ಬಿರಡೆ. ಅದರ ಸಂದಿನಲ್ಲಿ ಕಪ್ಪು ಗೆರೆ ಒಸರಿದ್ದರೆ ಗ್ಯಾಸ್ ಸೋರುತ್ತಿದೆ. ಆ ಭಾಗದಲ್ಲಿ ವೆಲ್ಡಿಂಗಿನ ಗಂಟು, ಹಿತ್ತಾಳೆ ಬೆಸುಗೆ ಕಂಡರೆ ಯಾವ ಬೆಲೆಗೂ ಬೇಡ. ನಿಪ್ಪಲ್ ಅನ್ನು ಚಾವಿಯಿಂದ ಬಿಚ್ಚಿ ನೋಡಿ: ಮರೆ (ತಿರುಪಿನ ಹಲ್ಲು) ಸವೆದು ನೂಲು ಸುತ್ತಿ ಕೂರಿಸಿದ್ದರೆ ಅದು ಒಂದು ದಿನ ಹಿಂದಕ್ಕೆ ಹಾರುತ್ತದೆ, ಹಿಂದೆ ಇರುವುದು ಹೊಡೆಯುವವನ ಕಣ್ಣು. ನಿಪ್ಪಲಿನ ತೂತು ಹೊಸದರಲ್ಲಿ ಒಂದು ಮಿ.ಮೀ.ಗಿಂತ ಸಣ್ಣದು. ಸವೆದು ದೊಡ್ಡದಾದರೆ ಗ್ಯಾಸ್ ಹಿಂದಕ್ಕೆ ನುಗ್ಗಿ ಕೇಪಿಗೆ ಬಡಿಯುವ ಹ್ಯಾಮರನ್ನು ಎತ್ತುತ್ತದೆ, ಕೇಪಿನ ಚೂರು ಮುಖಕ್ಕೆ ಸಿಡಿಯುತ್ತದೆ. ಮರೆ ಚೆನ್ನಾಗಿದ್ದರೆ ಹೊಸ ನಿಪ್ಪಲ್ ದೊಡ್ಡ ಖರ್ಚಲ್ಲ. ಮರೆಯೇ ಹೋಗಿದ್ದರೆ ಅದು ನಳಿಗೆಯ ದೋಷ.

ಲಾಕ್, ಅಂದರೆ ಹ್ಯಾಮರನ್ನು ಹಿಡಿದು ಬಿಡುವ ಯಂತ್ರ, ನೋಡುವುದು ಸುಲಭ. ನಿಪ್ಪಲ್ ಮೇಲೆ ಚರ್ಮದ ತುಂಡು ಇಟ್ಟು ಹ್ಯಾಮರನ್ನು ಅರ್ಧಕ್ಕೆ ಎತ್ತಿ ಟ್ರಿಗರ್ ಒತ್ತಿ, ಬೀಳಬಾರದು. ಪೂರ್ತಿ ಎತ್ತಿ ಹಿಂದಿನಿಂದ ಹೆಬ್ಬೆರಳಲ್ಲಿ ತಳ್ಳಿ, ಆಗಲೂ ಬೀಳಬಾರದು. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ತಿಳಿಯದವರು ಬಿಚ್ಚಿದ್ದಾರೆ. ಹಿಡಿಯಲ್ಲಿ ನೋಡಬೇಕಾದ್ದು ಲಾಕಿನ ಹಿಂದಿನ ಸಣಕಲು ಭಾಗ. ಹಿತ್ತಾಳೆ ತಗಡು ಸುತ್ತಿದ್ದರೆ ಅದರಡಿಯಲ್ಲಿ ಬಿರುಕು ಇದೆ ಎಂದೇ ಲೆಕ್ಕ. ಹಲಸಿನದೋ ಬೀಟೆಯದೋ ಎಂಬುದು ಎರಡನೇ ಮಾತು.

ತೋಟೆ (ಕಾರ್ಟ್ರಿಜ್) ಬಿಡಿಸಿ ಅದರ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ತುಂಬುವವರಿದ್ದಾರೆ ಮಾರಾಯ್ರೆ, ಇದು ಕೈ ಕಳೆದುಕೊಳ್ಳುವ ದಾರಿ. ಈ ನಳಿಗೆಗಳು ಕಪ್ಪು ಮಸಿಯ ಒತ್ತಡಕ್ಕಷ್ಟೇ ಆದವು. ಹಾಗೆ ಹೊಡೆದದ್ದು ಗೊತ್ತಾದರೆ, ಹೊರಗೆ ಏನೂ ಕಾಣದಿದ್ದರೂ ಆ ಕೋವಿ ಬೇಡ.

ಅಮೆರಿಕದಲ್ಲಿರುವ ನೆಂಟರು ತೋರಿಸುವ ಕೋಲ್ಟ್, ರೆಮಿಂಗ್ಟನ್ ಮಾದರಿಯ ಹೊಸ ಮಸಿ ರಿವಾಲ್ವರ್‌ಗಳ ಬಗ್ಗೆಯೂ ಕೇಳುವವರಿದ್ದಾರೆ. ಹೆಚ್ಚಿನವು ಇಟಲಿಯ ಉಬರ್ಟಿ, ಪಿಯೆಟ್ಟಾ ತಯಾರಿಕೆ. ಅವುಗಳ ಮೇಲೆ ಅಲ್ಲಿನ ಗಾರ್ಡೋನೆ ಊರಿನ ಬಂದೂಕು ಪರೀಕ್ಷಾಲಯದ ಮುದ್ರೆ, ಕಪ್ಪು ಮಸಿಗೆ ‘ಪಿಎನ್’ ಗುರುತು, ವರ್ಷಕ್ಕೆ ಎರಡಕ್ಷರದ ಸಂಕೇತ ಇರುತ್ತದೆ. ‘ಎಎ’ ಅಂದರೆ 1975. ಹಿತ್ತಾಳೆ ಚೌಕಟ್ಟಿನದಾದರೆ ಸಿಲಿಂಡರಿನ ಹಿಂಭಾಗ ಚೌಕಟ್ಟಿಗೆ ಅಚ್ಚೊತ್ತಿದೆಯೇ ನೋಡಬೇಕು. ಭಾರಿ ಈಡಿಗೆ ಹಿತ್ತಾಳೆ ಜಗ್ಗಿದ ಗುರುತು ಅದು. ಉಕ್ಕಿನ ಚೌಕಟ್ಟಿನದಕ್ಕೇ ಹೆಚ್ಚು ಬೆಲೆ ಕೊಡುವುದು ಸರಿ. ಕೋಲ್ಟಿನ 1851ರ ನೇವಿ ಮಾದರಿಯ ಅಸಲು .36 ಕ್ಯಾಲಿಬರಿನದು (ನಳಿಗೆಯ ಒಳ ಅಳತೆ), ಆದ್ದರಿಂದ .44ರಲ್ಲಿ ಬಂದದ್ದು ಹೊಡೆಯಲು ಆದೀತು, ನಿಜವಾದ ಪ್ರತಿಕೃತಿ ಅಲ್ಲ. ಅಮೆರಿಕದ ಕೇಂದ್ರ ಕಾನೂನು ಇವನ್ನು ಪುರಾತನ ವಸ್ತುವಿನ ಸಾಲಿಗೆ ಸೇರಿಸುತ್ತದೆ. ನಮ್ಮಲ್ಲಿ ಮದ್ದಿನ ಬಲದಿಂದ ಗುಂಡು ಹಾರಿಸುವುದೆಲ್ಲ ಬಂದೂಕೇ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವರ ಪೆಟ್ಟಿಗೆಯಲ್ಲಿ ತರಿಸುವ ಯೋಚನೆಯೇ ಬೇಡ.

ಕೊಂಡ ಮೇಲೆ ಬರುವ ಮೊದಲ ಪರೀಕ್ಷೆ ಚುನಾವಣೆ. ನೋಟಿಸು ಬಂದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗುತ್ತದೆ, ಅಲ್ಲಿ ಅದನ್ನು ಒರೆಸುವವರಿಲ್ಲ. ಕೊಡುವ ಹಿಂದಿನ ದಿನ ತೊಳೆದು, ಒಣಗಿಸಿ, ಒಳಗೂ ಹೊರಗೂ ದಪ್ಪ ಗ್ರೀಸು ಹಚ್ಚಿ. ಬಾಯಿಗೆ ಬಿರಡೆ ಹೊಡೆಯಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ರಸೀದಿಯಲ್ಲಿ ನಂಬರಿನ ಜೊತೆ ಕೋವಿಯ ಸ್ಥಿತಿಯನ್ನೂ ಬರೆಸಿಕೊಳ್ಳಿ. ವಾಪಸ್ ತಂದ ದಿನವೇ ಗ್ರೀಸು ತೆಗೆದು ಬಿಳಿ ಬಟ್ಟೆ ಇಳಿಸಿ ನೋಡಿ, ಮಳೆಗಾಲ ಶುರುವಾಗಿದ್ದರೆ ತಿಂಗಳಿಗೊಮ್ಮೆಯಾದರೂ ಎಣ್ಣೆ ಬದಲಿಸಿ.