ಯಜಮಾನ್ರು ಏನಾದ್ರೂ ಹೇಳ್ತಾರಾ?

ಗರ್ಭಕೋಶದೊಳಗೆ ಹಾಕಿಸಿದ ವಂಕಿಯ ಚೆಕಪ್‌ಗೆ ಸೋಮವಾರ ಹೋಗಿದ್ದೆ. ಡಾಕ್ಟರು ಅದರ ದಾರ ಸರಿಯಾಗಿದೆಯಾ ಅಂತ ನೋಡಿದರು. ಸ್ಕ್ಯಾನಿಂಗ್ ನೋಡಿದರು. "ಬ್ಲೀಡಿಂಗ್ ನಿಂತಿದೆ ಅಲ್ವಾ, ಇನ್ನೇನು" ಅಂದರು. ಎರಡು ವರ್ಷದಿಂದ ಬಾಯಿಗೆ ಬಂದು ವಾಪಸ್ ಹೋಗುತ್ತಿದ್ದ ಮಾತು ಅವತ್ತು ಹೇಗೋ ಹೊರಗೆ ಬಂತು.

"ಡಾಕ್ಟ್ರೇ, ಇದನ್ನ ಹಾಕಿಸಿದ ಮೇಲೆ ನಂಗೆ ಆ ಕಡೆ ಮನಸ್ಸೇ ಹೋಗಲ್ಲ."

ಫೈಲಿನಿಂದ ತಲೆ ಎತ್ತಿದರು. "ಯಜಮಾನ್ರು ಏನಾದ್ರೂ ಹೇಳ್ತಾರಾ?"

"ಇಲ್ಲ."

"ಮತ್ತೆ?"

ನಾನು ಸುಮ್ಮನಾದೆ. ನರ್ಸ್ ಕಿಟಕಿ ಕಡೆ ತಿರುಗಿ ನಿಂತಿದ್ದಳು. ಡಾಕ್ಟರು ನೀಲಿ ಪೆನ್ನಿನಲ್ಲಿ ಏನೋ ಗೀಚಿ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಬಸ್ಸಿನಲ್ಲಿ ಕೂತ ಮೇಲೆ ಚೀಟಿ ಬಿಡಿಸಿ ನೋಡಿದೆ. ನೋ ಕಂಪ್ಲೇಂಟ್ಸ್.

ಅವರು ಕೆಟ್ಟ ಡಾಕ್ಟರಲ್ಲ. ಅಡಿನೋಮಯೋಸಿಸ್, ಅಂದರೆ ಗರ್ಭಕೋಶದ ಒಳಪದರ ಅದರ ಗೋಡೆಯೊಳಗೇ ಬೆಳೆಯುವ ತೊಂದರೆ ಅಂತ ಗೊತ್ತಾದಾಗ ನನ್ನ ಹಿಮೋಗ್ಲೋಬಿನ್ 7.8 ಇತ್ತು. ತಿಂಗಳಲ್ಲಿ ಹನ್ನೆರಡು ದಿನ ರಕ್ತ. ನಮ್ಮ ಅತ್ತಿಗೆಗೆ ಇದೇ ತೊಂದರೆಗೆ 38ನೇ ವಯಸ್ಸಿಗೇ ಗರ್ಭಕೋಶ ತೆಗೆದಿದ್ದರು. ಮನೆಯಲ್ಲಿ ಎಲ್ಲರೂ "ತೆಗೆಸಿಬಿಡು, ಮಕ್ಕಳಾಗಿವೆಯಲ್ಲ" ಅನ್ನುತ್ತಿದ್ದಾಗ, ಬೇಡ, ಹಾರ್ಮೋನ್ ಇರುವ ವಂಕಿ ಹಾಕೋಣ ಅಂದವರು ಇವರೇ. ಅದು ಮಕ್ಕಳಾಗದಂತೆ ತಡೆಯುತ್ತೆ, ಅದರ ಜೊತೆಗೆ ರಕ್ತಸ್ರಾವವನ್ನೂ ಇಳಿಸುತ್ತೆ. ಟಿ ಆಕಾರದ ಚಿಕ್ಕ ಪ್ಲಾಸ್ಟಿಕ್ ಕಡ್ಡಿ. ಅದರಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಂತೆ ಬಿಡುತ್ತಾ ಗರ್ಭಕೋಶದ ಒಳಪದರವನ್ನು ತೆಳ್ಳಗೆ ಮಾಡುತ್ತೆ. ಆರೇ ತಿಂಗಳಲ್ಲಿ ನನ್ನ ಮುಖಕ್ಕೆ ಬಣ್ಣ ಬಂತು. ಆ ಋಣ ದೊಡ್ಡದು.

ಆದರೆ ಇನ್ನೊಂದು ಏನೋ ಹೋಯಿತು. ನಮ್ಮ ಯಜಮಾನ್ರು ಸ್ನಾನ ಮಾಡಿ ಬಂದಾಗ ಬೆನ್ನಿನ ಮೇಲೆ ಒರೆಸದೆ ಉಳಿದ ನೀರು ನೋಡಿದರೆ ನನಗೆ ಒಳಗೆ ಏನೋ ಆಗುತ್ತಿತ್ತು. ಮದುವೆಯಾಗಿ ಹದಿನೇಳು ವರ್ಷವಾದರೂ ಆಗುತ್ತಿತ್ತು. ಈಗ "ಬೆನ್ನು ಒದ್ದೆ ಇದೆ ರೀ" ಅಂತ ಟವೆಲ್ ಕೊಡುತ್ತೇನೆ. ಅಷ್ಟೇ. ಅವರ ಮೇಲೆ ಕೋಪವಿಲ್ಲ, ಬೇಜಾರಿಲ್ಲ, ಪ್ರೀತಿ ಹಾಗೇ ಇದೆ. ಆ ಒಂದು ಮಿಡಿತ ಮಾತ್ರ ಇಲ್ಲ.

ಸೋಮವಾರ ರಾತ್ರಿ ನಿದ್ದೆ ಬರಲಿಲ್ಲ. ಯುರೋಪಿನಲ್ಲಿ ಈ ವಂಕಿಯ ಜೊತೆ ಕೊಡುವ ಮಾಹಿತಿ ಹಾಳೆಯನ್ನು ಫೋನಿನಲ್ಲಿ ಹುಡುಕಿ ಓದಿದೆ. ಕಾಮಾಸಕ್ತಿ ಕಡಿಮೆಯಾಗುವುದು, ಮನಸ್ಸು ಕುಗ್ಗುವುದು, ಎರಡೂ ಸಾಮಾನ್ಯ ಅಡ್ಡಪರಿಣಾಮಗಳ ಪಟ್ಟಿಯಲ್ಲೇ ಇವೆ. ಸಾಮಾನ್ಯ ಅಂದರೆ 100 ಜನರಲ್ಲಿ ಒಬ್ಬರಿಂದ ಹತ್ತು ಜನರವರೆಗೆ. ಹಾರ್ಮೋನ್ ಹೆಚ್ಚಾಗಿ ಗರ್ಭಕೋಶದಲ್ಲೇ ಕೆಲಸ ಮಾಡಿದರೂ ಸ್ವಲ್ಪ ರಕ್ತಕ್ಕೂ ಸೇರುತ್ತೆ. ಎಲ್ಲರಿಗೂ ಹೀಗಾಗಲ್ಲ. ರಕ್ತ, ನೋವು ನಿಂತು ಮೊದಲಿಗಿಂತ ಚೆನ್ನಾಗಿದ್ದೀವಿ ಅನ್ನುವವರೂ ಇದ್ದಾರೆ. ನನ್ನದಕ್ಕೆ ಥೈರಾಯ್ಡ್ ಕಾರಣ ಇರಬಹುದು, ವಯಸ್ಸಿರಬಹುದು, ಸುಸ್ತಿರಬಹುದು. ಅದನ್ನ ನೋಡಬೇಕಾದವರು ಯಾರು? ಒಂದು ರಕ್ತ ಪರೀಕ್ಷೆ ಬರೆಯಬಹುದಿತ್ತು. ಯಾವಾಗಿನಿಂದ ಅಂತ ಕೇಳಬಹುದಿತ್ತು.

ಕೇಳಿದ್ದು, ಯಜಮಾನ್ರು ಏನಾದ್ರೂ ಹೇಳ್ತಾರಾ?

ಅಂದರೆ ಕಳೆದುಹೋಗಿದ್ದು ನನ್ನದಲ್ಲ, ಅವರದ್ದು. ಅವರು ಕೇಳಿದರೆ ಮಾತ್ರ ಹುಡುಕಬೇಕು. ಮಂಡಿ ನೋವು ಅಂದಾಗ ಯಾವ ಡಾಕ್ಟರೂ ಯಜಮಾನರನ್ನ ಕೇಳಲಿಲ್ಲ. ಬ್ಲೀಡಿಂಗ್‌ಗೂ ಕೇಳಲಿಲ್ಲ. ಇದಕ್ಕೆ ಮಾತ್ರ ಯಾಕೆ? ಕೇಳಿದವರೂ ಹೆಂಗಸು ಅನ್ನೋದೇ ನನಗೆ ಜಾಸ್ತಿ ನೋವು. ಆಮೇಲಿನ ಆ "ಮತ್ತೆ?" ಇನ್ನೂ ಕಿವಿಯಲ್ಲಿದೆ.

ತೆಗೆಸಿಬಿಡೋಣ ಅಂದರೆ ಅದೂ ಸುಲಭವಿಲ್ಲ. ರಕ್ತ ಮತ್ತೆ ಶುರುವಾಗುತ್ತೆ. ಹಾರ್ಮೋನ್ ಇಲ್ಲದ ಕಾಪರ್ ಟಿ ಹಾಕಿಸಿದರೆ ಸ್ರಾವ ಇನ್ನೂ ಹೆಚ್ಚಾಗಬಹುದು, ನನ್ನಂಥವರಿಗೆ ಅದು ಆಗಲ್ಲ. ಮಗಳನ್ನ ಸ್ಕೂಲಿಗೆ ಬಿಡೋಕೂ ಆಗದೆ ಗೋಡೆ ಹಿಡಿದು ನಿಂತಿದ್ದ ದಿನಗಳು ನನಗೆ ಮರೆತಿಲ್ಲ. ಇದನ್ನೆಲ್ಲ ಕೂತು ಮಾತಾಡೋಕೆ ಒಬ್ಬರು ಬೇಕು. ಹತ್ತು ನಿಮಿಷ ಸಾಕು.

ಮಂಗಳವಾರ ರಾತ್ರಿ ಇವರಿಗೆ ಚೀಟಿ ತೋರಿಸಿದೆ. ಡಾಕ್ಟರು ಕೇಳಿದ್ದನ್ನೂ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಒಳ್ಳೆಯ ಮನುಷ್ಯ, ಎರಡು ವರ್ಷದಲ್ಲಿ ಒಂದು ದಿನ ಬಲವಂತ ಮಾಡಿದವರಲ್ಲ. ಆದರೆ ಒಂದು ದಿನ ಕೇಳಿದವರೂ ಅಲ್ಲ. ಕೊನೆಗೆ ಮೆಲ್ಲಗೆ ಅಂದರು, "ನಾನು ನಿಂಗೆ ಸಾಕಾಗಿ ಹೋಗಿದ್ದೀನೇನೋ ಅಂದ್ಕೊಂಡಿದ್ದೆ ಕಣೇ."

ಎರಡು ವರ್ಷ ಪಕ್ಕದಲ್ಲಿ ಮಲಗಿ ಇವರು ಇದನ್ನ ಅಂದುಕೊಳ್ಳುತ್ತಿದ್ದರು. ನಾನು ಅತ್ತುಬಿಟ್ಟೆ.

ಮುಂದಿನ ಶುಕ್ರವಾರಕ್ಕೆ ಇನ್ನೊಬ್ಬ ಡಾಕ್ಟರ ಹತ್ತಿರ ಟೋಕನ್ ತೆಗೆಸಿದ್ದೇನೆ. ಅಲ್ಲಿ ಮತ್ತೆ ಬಾಯಿ ಕಟ್ಟಬಾರದು ಅಂತ ಅದೇ ಚೀಟಿಯ ಹಿಂದೆ ಬರೆದಿಟ್ಟುಕೊಂಡಿದ್ದೇನೆ: ಎರಡು ವರ್ಷದಿಂದ ಬೇಕು ಅನ್ನಿಸುತ್ತಿಲ್ಲ. ನನಗೆ.